ಕತ್ತಲಲ್ಲಿ ಗುರಿಯಿಡುವವನ ಹೊಣೆ

ಅಮೆರಿಕೆಯ ಖಾಸಗಿ ಹೊಲಗಳಲ್ಲಿ ಕಯೋಟಿ ಬೇಟೆ. ಕೆಂಪು ತೋಳದ ಅಳಿವು ಉಳಿವು

ಯಾರಿಗಾದರೂ ಅನಿರೀಕ್ಷಿತವಾಗಿ ಲಾಭವಾದರೆ “ಬೆಳಿಗ್ಗೆ ನರಿಯ ಮುಖ ನೋಡಿ ಎದ್ದಿರೇನು?” ಎಂದು ಕೇಳುವ ವಾಡಿಕೆ ನಮ್ಮಲ್ಲಿದೆ. ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದು ನೆಲಸಿದ ಕನ್ನಡಿಗರ ಬಾಯಲ್ಲಿಯೂ ಈ ಮಾತು ಅಳಿಯದೆ ಉಳಿದಿದೆ. ನಮ್ಮ ನರಿಗೆ ದಾಯಾದಿಯೆನ್ನಬಹುದಾದ ಪ್ರಾಣಿಯೊಂದು ಅಮೆರಿಕೆಯ ಹೊಲಗಳಲ್ಲಿ ಸಂಚರಿಸುತ್ತದೆ. ಅದರ ಮುಖ ಕಂಡ ಅಲ್ಲಿಯ ರೈತನು ಅದೃಷ್ಟವನ್ನು ನೆನೆಯುವುದಿಲ್ಲ, ಬಂದೂಕವನ್ನು ನೆನೆಯುತ್ತಾನೆ. ಆ ಪ್ರಾಣಿಯ ಹೆಸರು ಕಯೋಟಿ.

ಕಯೋಟಿಯು ನಾಯಿಯ ಕುಲಕ್ಕೆ ಸೇರಿದುದು. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಸಾಮಾನ್ಯವಾಗಿ ೧೦ರಿಂದ ೨೦ ಕಿಲೋಗ್ರಾಂ ತೂಗುತ್ತದೆ. ಬೂದು ಕಂದು ಬೆರೆತ ಮೈಬಣ್ಣ, ಚೂಪಾದ ಮೂತಿ, ನಿಮಿರಿದ ಕಿವಿ, ಪೊದೆಯಂಥ ಬಾಲ. ಮೆಕ್ಸಿಕೋ ದೇಶದ ಮೂಲನಿವಾಸಿಗಳಾದ ನಹುವಾ ಜನರ ನುಡಿಯ ‘ಕೊಯೋಟ್ಲ್’ ಎಂಬ ಪದವೇ ಸ್ಪೇನಿಗರ ಬಾಯಲ್ಲಿ ಹಾಯ್ದು ಈ ಹೆಸರಾಯಿತು. ಇಲಿ, ಮೊಲ, ಹಣ್ಣುಹಂಪಲು, ಸತ್ತ ಪ್ರಾಣಿಯ ಮಾಂಸ, ಯಾವುದೂ ಅದಕ್ಕೆ ವರ್ಜ್ಯವಲ್ಲ. ಅವಕಾಶ ದೊರೆತರೆ ಕೋಳಿಯನ್ನೂ ಕುರಿಮರಿಯನ್ನೂ ಜಿಂಕೆಯ ಮರಿಯನ್ನೂ ಒಯ್ಯುತ್ತದೆ. ರೈತನಿಗೂ ಅದಕ್ಕೂ ಹಗೆ ಹುಟ್ಟಿದ್ದು ಇಲ್ಲಿಂದಲೇ.

ಮೊದಲು ಈ ಪ್ರಾಣಿಯು ಆ ಖಂಡದ ಪಶ್ಚಿಮ ಮತ್ತು ಮಧ್ಯಭಾಗದ ಬಯಲುಗಳಲ್ಲಿ ಮಾತ್ರ ವಾಸಿಸುತ್ತಿದ್ದಿತು. ಯೂರೋಪಿನಿಂದ ಬಂದ ವಲಸೆಗಾರರು ಕಾಡು ಕಡಿದು ಹೊಲ ಮಾಡಿದರು. ತೋಳಗಳನ್ನು ವಿಷವಿಕ್ಕಿ, ಬೋನಿಟ್ಟು, ಗುಂಡಿಕ್ಕಿ ನಿರ್ಮೂಲ ಮಾಡುತ್ತ ಬಂದರು. ತೋಳವು ತೆರವು ಮಾಡಿದ ಸ್ಥಾನವನ್ನು ಕಯೋಟಿಯು ಆಕ್ರಮಿಸಿತು. ಇಂದು ಹವಾಯಿ ದ್ವೀಪಗಳ ಹೊರತು ಅಮೆರಿಕಾ ಸಂಯುಕ್ತ ಸಂಸ್ಥಾನದ ಎಲ್ಲ ರಾಜ್ಯಗಳಲ್ಲಿಯೂ ಅದು ಇದೆ. ಷಿಕಾಗೋದಂಥ ಮಹಾನಗರದ ನಡುವೆಯೂ ಮರಿ ಹಾಕಿ ಬಾಳುತ್ತಿದೆ. ಹಾನಿಕರ ಪ್ರಾಣಿಗಳ ಹತೋಟಿಗೆಂದು ೧೯೩೧ರಲ್ಲಿಯೇ ಅಲ್ಲಿ ಶಾಸನವಾಯಿತು. ಕೇಂದ್ರ ಸರಕಾರದ ನೌಕರರೇ ಪ್ರತಿವರ್ಷವೂ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತಾರೆ. ಖಾಸಗಿ ಬೇಟೆಗಾರರು ಕೊಲ್ಲುವುದು ಇದರ ಹೊರತಾದ ಲೆಕ್ಕ. ಆದರೂ ಕಯೋಟಿಯ ಸಂತತಿ ಕುಗ್ಗಿಲ್ಲ.

ರಾತ್ರಿಯ ಬೇಟೆಯ ಪರಿ

ಮನುಷ್ಯನ ಕಾಟ ಹೆಚ್ಚಾದ ಕಡೆ ಕಯೋಟಿಯು ಹಗಲಿನ ಓಡಾಟವನ್ನು ಬಿಟ್ಟು ನಿಶಾಚರಿಯಾಗುತ್ತದೆ. ಆದುದರಿಂದ ಬೇಟೆಗಾರನೂ ರಾತ್ರಿಯನ್ನೇ ಆಯ್ದುಕೊಳ್ಳುತ್ತಾನೆ. ಕೊಯ್ಲು ಮುಗಿದ ಹೊಲದ ಅಂಚಿನಲ್ಲಿ, ಗಾಳಿಯು ತನ್ನ ಮುಖಕ್ಕೆ ಬೀಸುವಂತೆ ಕುಳಿತುಕೊಳ್ಳುತ್ತಾನೆ; ಏಕೆಂದರೆ ಕಯೋಟಿಯ ಮೂಗು ಬಲು ಚುರುಕು. ಅಷ್ಟು ದೂರದಲ್ಲಿ ಒಂದು ಧ್ವನಿಯಂತ್ರವನ್ನಿಡುತ್ತಾನೆ. ಗಾಯಗೊಂಡ ಮೊಲದ ಆರ್ತನಾದ, ಕಯೋಟಿ ಮರಿಯ ಕೂಗು ಮೊದಲಾದ ಸದ್ದುಗಳು ಅದರಿಂದ ಹೊರಡುತ್ತವೆ. ಇದೇ ಸದ್ದನ್ನು ಬಾಯಿಂದ ಪೀಪಿಯೂದಿ ಹೊರಡಿಸುವ ಹಳೆಯ ಪದ್ಧತಿಯವರು ಇಂದಿಗೂ ಉಂಟು. ಸುಲಭದ ಊಟ ದೊರೆತೀತೆಂಬ ಆಸೆಯಿಂದ ಪ್ರಾಣಿಯು ಹತ್ತಿರ ಸರಿಯುತ್ತದೆ. ಆದರೆ ನೆಟ್ಟನೆ ಬರುವುದಿಲ್ಲ. ಬಳಸು ಹಾದಿ ಹಿಡಿದು, ಗಾಳಿಯಲ್ಲಿ ವಾಸನೆ ತಿಳಿಯಲು ಯತ್ನಿಸುತ್ತದೆ.

ಬೇಟೆಗಾರನು ಕೆಂಪು ಬೆಳಕಿನ ದೀಪವನ್ನು ನಿಧಾನವಾಗಿ ಅತ್ತಿತ್ತ ಆಡಿಸಿದಾಗ ದೂರದಲ್ಲಿ ಕೆಂಡದ ಕಿಡಿಗಳಂತೆ ಎರಡು ಬಿಂದುಗಳು ಹೊಳೆಯುತ್ತವೆ. ಕಣ್ಣಿನ ಹಿಂಬದಿಯಲ್ಲಿರುವ ಕನ್ನಡಿಯಂಥ ಪದರವು ಬೆಳಕನ್ನು ಹಿಂದಿರುಗಿಸುವುದರಿಂದ ಈ ಹೊಳಪು ಉಂಟಾಗುತ್ತದೆ. ಇಂಥ ಪದರ ಹಸುವಿಗೂ ಇದೆ, ಸಾಕುನಾಯಿಗೂ ಇದೆ, ಜಿಂಕೆಗೂ ಇದೆ. ಅಲ್ಲಿ ಒಂದು ಜೀವವಿದೆಯೆಂಬುದನ್ನು ಹೊಳೆಯುವ ಕಣ್ಣು ತಿಳಿಸುತ್ತದೆ. ಯಾವ ಜೀವವೆಂಬುದನ್ನು ತಿಳಿಸುವುದಿಲ್ಲ.

ಈಚಿನ ವರ್ಷಗಳಲ್ಲಿ ಮೈಯ ಶಾಖವನ್ನು ಗ್ರಹಿಸುವ ಥರ್ಮಲ್ ದುರ್ಬೀನುಗಳು ಬಂದೂಕದ ನೆತ್ತಿಯನ್ನೇರಿವೆ. ಗಾಢಾಂಧಕಾರದಲ್ಲಿಯೂ ಅವುಗಳ ಮೂಲಕ ನೋಡಿದರೆ ಪ್ರಾಣಿಯ ಬಿಸಿ ಮೈ ಬೆಳ್ಳಗಿನ ಆಕೃತಿಯಾಗಿ ಎದ್ದು ಕಾಣುತ್ತದೆ. ಆದರೆ ಅದು ಶಾಖದ ಚಿತ್ರವೇ ಹೊರತು ಬಣ್ಣದ ಚಿತ್ರವಲ್ಲ. ಪ್ರಾಣಿಯ ಕೂದಲು ಕೆಂಪೋ ಬೂದೋ, ಅದರ ಕೊರಳಲ್ಲಿ ಕಟ್ಟಿದ ಪಟ್ಟಿಯ ಬಣ್ಣ ಯಾವುದು ಎಂಬುದು ಅದರಲ್ಲಿ ತಿಳಿಯದು. ಪಕ್ಕದಲ್ಲಿ ಅಳತೆಗೆ ಮರವೋ ಗಿಡವೋ ಇಲ್ಲದ ಬಯಲಿನಲ್ಲಿ ಪ್ರಾಣಿ ದೊಡ್ಡದೋ ಚಿಕ್ಕದೋ ಎಂದು ಅಳೆಯುವುದೂ ಕಷ್ಟ. ಗುರಿ ಯಾವುದೆಂದು ಖಚಿತವಾಗಿ ತಿಳಿಯದೆ, ಗುರಿಯ ಹಿಂದೆ ಏನಿದೆಯೆಂದು ನೋಡದೆ ಕುದುರೆಯೆಳೆಯಬಾರದೆಂಬುದು ಬೇಟೆಗಾರರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ರಾತ್ರಿಯಲ್ಲಿ ಪಾಲಿಸಲು ಅತ್ಯಂತ ದುಸ್ತರವಾದ ಪಾಠವೂ ಅದೇ.

ಬೇಲಿಯೊಳಗಿನ ಹಕ್ಕು

ಈ ಬೇಟೆಯ ಬಹುಭಾಗ ನಡೆಯುವುದು ಖಾಸಗಿ ಜಮೀನಿನಲ್ಲಿ. ಅಮೆರಿಕೆಯ ಪೂರ್ವಭಾಗದಲ್ಲಿ ನೆಲದ ಹೆಚ್ಚಿನ ಪಾಲು ಖಾಸಗಿಯವರದೇ. ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿರುವ ಉತ್ತರ ಕ್ಯಾರೊಲೈನಾ ರಾಜ್ಯವನ್ನೇ ನೋಡೋಣ. ಅಲ್ಲಿ ೨೦೧೧ರಲ್ಲಿ ಆದ ಶಾಸನದಂತೆ, ಜಮೀನುದಾರನು ಹಲಗೆ ನೆಡುವುದರ ಬದಲು ಎಲ್ಲೆಯ ಮರಗಳ ಮೇಲೆ ಕನಿಷ್ಠ ೮ ಅಂಗುಲ ಉದ್ದದ ಊದಾ ಬಣ್ಣದ ಪಟ್ಟೆಗಳನ್ನು ಬಳಿದರೂ ಸಾಕು. ಅವನು ಬರೆದುಕೊಟ್ಟ ಅನುಮತಿಯಿಲ್ಲದೆ ಬೇಟೆಗಾರನು ಒಳಗೆ ಕಾಲಿಡುವಂತಿಲ್ಲ. ಆ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ನೆಲದ ಒಡೆಯನ ಹಕ್ಕು ಅಲ್ಲಿ ಅಷ್ಟು ಬಿಗಿಯಾದುದು.

ಆದರೆ ನೆಲದ ಮೇಲಿನ ಹಕ್ಕು ಬೇರೆ, ನೆಲದ ಮೇಲೆ ಹಾದುಹೋಗುವ ಪ್ರಾಣಿಯ ಮೇಲಿನ ಹಕ್ಕು ಬೇರೆ. ಕಾಡುಪ್ರಾಣಿಯು ಯಾವ ಒಬ್ಬನ ಸೊತ್ತೂ ಅಲ್ಲ, ಅದನ್ನು ಎಲ್ಲ ಜನರ ಪರವಾಗಿ ರಾಜ್ಯವು ಕಾಪಾಡತಕ್ಕದ್ದು ಎಂಬುದು ಅಲ್ಲಿಯ ನ್ಯಾಯದ ಹಳೆಯ ತತ್ತ್ವ. ಈ ಎರಡು ಹಕ್ಕುಗಳು ಒಂದೇ ಹೊಲದಲ್ಲಿ, ಒಂದೇ ರಾತ್ರಿಯಲ್ಲಿ ಮುಖಾಮುಖಿಯಾದರೆ ಏನಾದೀತು? ಇದೇ ರಾಜ್ಯದ ಐದು ಜಿಲ್ಲೆಗಳಲ್ಲಿ ಅದು ಆಯಿತು.

ಅದೇ ಹೊಲದಲ್ಲಿ ಇನ್ನೊಂದು ಪ್ರಾಣಿ

ಅಮೆರಿಕೆಯ ಆಗ್ನೇಯ ಭಾಗದ ಕಾಡು ಜೌಗುಗಳಲ್ಲಿ ಹಿಂದೆ ಕೆಂಪು ತೋಳವೆಂಬ ಪ್ರಾಣಿ ವಿಪುಲವಾಗಿದ್ದಿತು. ಬೇಟೆಯಿಂದಲೂ ಕಾಡಿನ ನಾಶದಿಂದಲೂ ಅದು ಕ್ಷೀಣಿಸುತ್ತ ಬಂದು, ಕೊನೆಗೆ ಟೆಕ್ಸಾಸ್ ಮತ್ತು ಲೂಯಿಸಿಯಾನಾ ರಾಜ್ಯಗಳ ಕರಾವಳಿಯಲ್ಲಿ ಕೆಲವೇ ಕೆಲವು ಉಳಿದವು. ಅವನ್ನು ಹಿಡಿತಂದು ಪರೀಕ್ಷಿಸಿ, ಕಯೋಟಿಯ ರಕ್ತ ಬೆರೆಯದವೆಂದು ತೋರಿದ ೧೪ ತೋಳಗಳಿಂದ ಮೃಗಾಲಯದಲ್ಲಿ ಸಂತಾನವನ್ನು ಬೆಳೆಸಲಾಯಿತು. ೧೯೮೦ರಲ್ಲಿ ಕೆಂಪು ತೋಳವು ಕಾಡಿನಿಂದ ಅಳಿದುಹೋಯಿತೆಂದು ಸಾರಲಾಯಿತು.

೧೯೮೭ರಲ್ಲಿ ಉತ್ತರ ಕ್ಯಾರೊಲೈನಾದ ಅಲಿಗೇಟರ್ ನದಿಯ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮದಲ್ಲಿ ನಾಲ್ಕು ಜೋಡಿ ತೋಳಗಳನ್ನು ಬಿಡುಗಡೆ ಮಾಡಿದರು. ಮರುವರ್ಷವೇ ಕಾಡಿನಲ್ಲಿ ಮರಿಗಳು ಹುಟ್ಟಿದವು. ಡೇರ್, ಹೈಡ್, ಟಿರೆಲ್, ವಾಷಿಂಗ್ಟನ್ ಮತ್ತು ಬೋಫರ್ಟ್ ಎಂಬ ಐದು ಜಿಲ್ಲೆಗಳ ಸುಮಾರು ೧೭ ಲಕ್ಷ ಎಕರೆ ಪ್ರದೇಶವು ಅವುಗಳ ಸಂಚಾರಭೂಮಿಯಾಯಿತು. ಅದರಲ್ಲಿ ಸರಕಾರದ ಕಾಡೂ ಇದ್ದಿತು, ಖಾಸಗಿಯವರ ಹೊಲಗಳೂ ಇದ್ದವು. ಈ ಶತಮಾನದ ಮೊದಲ ದಶಕದಲ್ಲಿ ತೋಳಗಳ ಸಂಖ್ಯೆ ನೂರನ್ನು ದಾಟಿತು. ಬೋನಿನಲ್ಲಿ ಹುಟ್ಟಿದ ಹಿಂಸ್ರಪ್ರಾಣಿಯನ್ನು ಮರಳಿ ಕಾಡಿಗೆ ಒಗ್ಗಿಸಬಹುದೆಂಬುದಕ್ಕೆ ಅದು ಜಗತ್ತಿಗೇ ನಿದರ್ಶನವಾಯಿತು.

ಅಷ್ಟರಲ್ಲಿ ಪಶ್ಚಿಮದಿಂದ ಹರಡುತ್ತ ಬಂದ ಕಯೋಟಿಯು ಈ ಜಿಲ್ಲೆಗಳನ್ನೂ ತಲಪಿತು. ಕೆಂಪು ತೋಳವು ಕಯೋಟಿಗಿಂತ ದೊಡ್ಡದು ನಿಜ. ೨೦ರಿಂದ ೩೬ ಕಿಲೋಗ್ರಾಂವರೆಗೆ ತೂಗುತ್ತದೆ. ಕಿವಿಯ ಹಿಂಬದಿಯಲ್ಲಿಯೂ ಕಾಲುಗಳಲ್ಲಿಯೂ ಕೆಂಬಣ್ಣವಿರುತ್ತದೆ. ಆದರೆ ಎಳೆಯ ತೋಳಕ್ಕೂ ಬೆಳೆದ ಕಯೋಟಿಗೂ ನಡುವಣ ವ್ಯತ್ಯಾಸವನ್ನು ಹಗಲಿನಲ್ಲಿ ಗುರುತಿಸುವುದೇ ಕಷ್ಟ. ಇನ್ನು ರಾತ್ರಿಯಲ್ಲಿ, ನೂರಾರು ಗಜಗಳ ಆಚೆ ಹೇಗೆ ಗುರುತಿಸಬೇಕು?

ನ್ಯಾಯಾಲಯದ ತಡೆ

ಹೀಗಿರಲು, ಉತ್ತರ ಕ್ಯಾರೊಲೈನಾದ ವನ್ಯಜೀವಿ ಆಯೋಗವು ೨೦೧೨ರಲ್ಲಿ ತಾತ್ಕಾಲಿಕವಾಗಿಯೂ, ೨೦೧೩ರಲ್ಲಿ ಸ್ಥಿರವಾಗಿಯೂ, ಕೃತಕ ಬೆಳಕಿನ ನೆರವಿನಿಂದ ರಾತ್ರಿಯಲ್ಲಿ ಕಯೋಟಿಗಳನ್ನು ಬೇಟೆಯಾಡಲು ಅನುಮತಿಯಿತ್ತಿತು. ತೋಳಗಳಿದ್ದ ಐದು ಜಿಲ್ಲೆಗಳೂ ಇದಕ್ಕೆ ಹೊರತಾಗಲಿಲ್ಲ. ತೋಳಗಳ ಸಾವಿಗೆ ಬಂದೂಕದ ಗುಂಡು ಮುಖ್ಯ ಕಾರಣಗಳಲ್ಲೊಂದೆಂಬುದು ಆಗಲೇ ತಿಳಿದಿದ್ದ ಸಂಗತಿ. ವನ್ಯಜೀವಿಗಳ ಹಿತೈಷಿ ಸಂಸ್ಥೆಗಳು ೧೯೭೩ರ ವಿನಾಶದಂಚಿನ ಜೀವಿಗಳ ಸಂರಕ್ಷಣಾ ಶಾಸನವನ್ನು ಆಧಾರವಾಗಿಟ್ಟುಕೊಂಡು ೨೦೧೩ರಲ್ಲಿ ಕೇಂದ್ರ ನ್ಯಾಯಾಲಯದ ಮೊರೆಹೊಕ್ಕವು.

೨೦೧೪ರ ಮೇ ತಿಂಗಳಲ್ಲಿ ನ್ಯಾಯಾಧೀಶ ಟೆರೆನ್ಸ್ ಬಾಯ್ಲ್ ಅವರು ಐದು ಜಿಲ್ಲೆಗಳಲ್ಲಿ ಕಯೋಟಿ ಬೇಟೆಗೆ ತಾತ್ಕಾಲಿಕ ತಡೆಯಾಜ್ಞೆ ನೀಡಿದರು. ಅದೇ ವರ್ಷದ ನವೆಂಬರಿನಲ್ಲಿ ಉಭಯಪಕ್ಷಗಳೂ ರಾಜಿಗೆ ಬಂದವು. ಆ ಐದು ಜಿಲ್ಲೆಗಳಲ್ಲಿ ರಾತ್ರಿಬೇಟೆ ಕೂಡದು. ಖಾಸಗಿ ಜಮೀನಿನಲ್ಲಿ ಹಗಲುಹೊತ್ತು ಪರವಾನಗಿ ಪಡೆದು ಬೇಟೆಯಾಡಬಹುದು. ಕೊಂದ ಪ್ರಾಣಿಯ ವರದಿಯನ್ನು ಒಡನೆಯೇ ಒಪ್ಪಿಸತಕ್ಕದ್ದು. ಇವು ರಾಜಿಯ ಮುಖ್ಯಾಂಶಗಳು.

ಈ ರಾಜಿಯಲ್ಲಿ ವಾಚಕರು ಗಮನಿಸತಕ್ಕ ವಿಷಯವೊಂದಿದೆ. ರೈತನ ಹೊಲವನ್ನು ಯಾರೂ ಕಸಿದುಕೊಳ್ಳಲಿಲ್ಲ. ಕಯೋಟಿಯನ್ನು ಕೊಲ್ಲುವ ಅವನ ಅಧಿಕಾರವನ್ನೂ ಪೂರ್ತಿಯಾಗಿ ಕಸಿದುಕೊಳ್ಳಲಿಲ್ಲ. ಕತ್ತಲೆಯನ್ನು ಮಾತ್ರ ಹೊರಗಿಟ್ಟರು. ಕಂಡು, ಗುರುತಿಸಿ, ಹೊಡೆದುದಕ್ಕೆ ಲೆಕ್ಕ ಒಪ್ಪಿಸುವವನಿಗೆ ಬೇಟೆಯುಂಟು. ಕಾಣದೆ ಹೊಡೆಯುವವನಿಗೆ ಇಲ್ಲ. ಕತ್ತಲಲ್ಲಿ ಸಕ್ಕರೆಯೆಂದು ಉಪ್ಪನ್ನು ಸುರಿದ ಅಡಿಗೆಯವನು ಆ ಪಾಕವನ್ನು ಚೆಲ್ಲಿ ಬೇರೊಂದನ್ನು ಮಾಡಿಯಾನು. ಲೆಕ್ಕ ತಪ್ಪಿದ ಗುಮಾಸ್ತನು ಕೆಂಪು ಶಾಯಿಯಿಂದ ತಿದ್ದಿಯಾನು. ಬಂದೂಕದಿಂದ ಹೊರಟ ಗುಂಡಿಗೆ ತಿದ್ದುಪಡಿಯಿಲ್ಲ.

ಕೊರಳಪಟ್ಟಿಯ ಗುಟ್ಟು

ಒಂದು ತೋಳ ಸತ್ತರೆ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು, ಅಷ್ಟೆ ಎಂದು ಭಾವಿಸಬಾರದು. ಕೆಂಪು ತೋಳಗಳು ಜೋಡಿಯಾಗಿ ಬಾಳುತ್ತವೆ. ಒಂದೊಂದು ಜೋಡಿಯೂ ತನ್ನ ಸೀಮೆಯನ್ನು ಕಾಯ್ದುಕೊಳ್ಳುತ್ತದೆ. ಜೋಡಿಯಲ್ಲೊಂದು ಗುಂಡಿಗೆ ಬಲಿಯಾದರೆ, ಉಳಿದುದಕ್ಕೆ ತನ್ನ ಜಾತಿಯ ಸಂಗಾತಿ ದೊರೆಯುವುದು ದುರ್ಲಭ. ಆಗ ಅದು ಕಯೋಟಿಯೊಡನೆ ಕೂಡುತ್ತದೆ. ಬೆರಕೆ ಮರಿಗಳು ಹುಟ್ಟುತ್ತವೆ. ಹೀಗೆ ಒಂದು ಗುಂಡು ಒಂದು ಪ್ರಾಣಿಯನ್ನು ಮಾತ್ರವಲ್ಲದೆ ಒಂದು ಮನೆತನವನ್ನೇ ಅಳಿಸುತ್ತದೆ.

ಇದನ್ನು ತಡೆಯಲು ಜೀವವಿಜ್ಞಾನಿಗಳು ಜಾಣತನದ ಉಪಾಯವೊಂದನ್ನು ಹೂಡಿದರು. ಕಯೋಟಿಗಳನ್ನು ಹಿಡಿದು, ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದಲ್ಲಿಯೇ ಬಿಟ್ಟರು. ಅಂಥ ಕಯೋಟಿ ತನ್ನ ಸೀಮೆಯೊಳಕ್ಕೆ ಬೇರೆ ಕಯೋಟಿಗಳನ್ನು ಬರಗೊಡುವುದಿಲ್ಲ. ತಾನೂ ಸಂತಾನ ಬೆಳೆಸುವುದಿಲ್ಲ. ತೋಳವೊಂದು ಬಂದು ಆ ಸೀಮೆಯನ್ನು ಗೆದ್ದುಕೊಳ್ಳುವವರೆಗೆ ಅದು ಕೂಲಿಯಿಲ್ಲದ ಕಾವಲುಗಾರ. ತೋಳಗಳ ಕೊರಳಿಗೆ ಹೊಳೆಯುವ ಕಿತ್ತಳೆ ಬಣ್ಣದ ಪಟ್ಟಿಯನ್ನೂ, ಇಂಥ ಕಯೋಟಿಗಳ ಕೊರಳಿಗೆ ಬಿಳಿಯ ಪಟ್ಟಿಯನ್ನೂ ತೊಡಿಸಿದರು.

ಆದುದರಿಂದ ಗುರಿಯಲ್ಲಿರುವುದು ಕಯೋಟಿಯೇ ಎಂದು ನಿಶ್ಚಯವಾದರೂ ಬೇಟೆಗಾರನ ಹೊಣೆ ತೀರಲಿಲ್ಲ. ಬಿಳಿಯ ಪಟ್ಟಿಯ ಕಯೋಟಿಯನ್ನು ಕೊಂದರೆ ಕಾವಲುಗಾರನನ್ನೇ ಕೊಂದಂತಾಯಿತು. ತೆರವಾದ ಸೀಮೆಗೆ ಮರಿ ಹಾಕುವ ಕಯೋಟಿಗಳೇ ಬಂದು ಸೇರುತ್ತವೆ. ಕಯೋಟಿಯನ್ನು ಕಡಿಮೆ ಮಾಡಹೊರಟವನು ತನ್ನ ಕೈಯಾರೆ ಹೆಚ್ಚು ಮಾಡಿದಂತಾಗುತ್ತದೆ.

ಈ ವಿಪರ್ಯಾಸ ಐದು ಜಿಲ್ಲೆಗಳಿಗೆ ಸೀಮಿತವಲ್ಲ. ವರ್ಷಂಪ್ರತಿ ೧೦೦ಕ್ಕೆ ೭೫ರಂತೆ ಕಯೋಟಿಗಳನ್ನು ಕೊಲ್ಲುತ್ತ ಹೋದರೂ ಅವುಗಳ ಸಂತತಿ ಅಳಿಯಲು ೫೦ ವರ್ಷಗಳಿಗೂ ಹೆಚ್ಚು ಕಾಲ ಬೇಕಾದೀತೆಂದು ಕಾನೊಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ವಿಜ್ಞಾನಿಗಳು ೧೯೭೫ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಕೆಲವು ಸತ್ತರೆ ಉಳಿದವುಗಳಿಗೆ ಆಹಾರ ಹೇರಳವಾಗುತ್ತದೆ. ಎಳೆಯ ಹೆಣ್ಣುಗಳೂ ಮರಿ ಹಾಕುತ್ತವೆ. ಬದುಕಿ ಉಳಿಯುವ ಮರಿಗಳ ಸಂಖ್ಯೆ ಏರುತ್ತದೆ. ಕುರಿಮರಿಯನ್ನು ಒಯ್ದ ಒಂದು ಕಯೋಟಿಯನ್ನು ಗುರುತಿಸಿ ಹೊಡೆದರೆ ರೈತನಿಗೆ ಪ್ರಯೋಜನ ಉಂಟು. ಸಿಕ್ಕಸಿಕ್ಕವನ್ನು ಹೊಡೆಯುವುದರಿಂದ ಇಲ್ಲ.

ರೈತನ ಮಾತಿನಲ್ಲಿಯೂ ಹುರುಳಿದೆ

ಇಷ್ಟು ಹೇಳಿದ ಮಾತ್ರಕ್ಕೆ ಜಮೀನುದಾರನನ್ನು ಕಟುಕನೆಂದು ಜರೆಯುವುದು ನಮ್ಮ ಉದ್ದೇಶವಲ್ಲ. “ತೋಳವನ್ನು ತಂದು ಬಿಡುವಾಗ ನಮ್ಮನ್ನು ಸರಿಯಾಗಿ ಕೇಳಲಿಲ್ಲ, ಸರಕಾರದ ಕಾಡಿನಲ್ಲಿ ಬಿಟ್ಟ ಪ್ರಾಣಿ ನಮ್ಮ ಹೊಲಕ್ಕೆ ಬಂದರೆ ನಷ್ಟ ಯಾರದು?” ಎಂಬುದು ಅಲ್ಲಿಯ ಅನೇಕರ ದೂರು. ಆ ಭಾಗದಲ್ಲಿ ಜಿಂಕೆಯ ಬೇಟೆಗೆ ಜಮೀನನ್ನು ಗುತ್ತಿಗೆ ಕೊಡುವುದೂ ಒಂದು ಆದಾಯ. ಜಿಂಕೆ ಕಡಿಮೆಯಾದರೆ ಗುತ್ತಿಗೆ ಕಡಿಮೆ. ರಾತ್ರಿಯಿಡೀ ಕುರಿಯ ಹಟ್ಟಿಯನ್ನು ಕಾಯುವವನ ಕಷ್ಟ ನಗರದಲ್ಲಿ ಕುಳಿತು ಅರ್ಜಿ ಬರೆಯುವವನಿಗೆ ಸುಲಭವಾಗಿ ತಿಳಿಯದು.

ಈ ಅಸಮಾಧಾನವನ್ನು ಅಲಕ್ಷಿಸಿದುದರ ಫಲವನ್ನು ತೋಳವೇ ಉಂಡಿತು. ಸರಕಾರವು ಹೊಸ ತೋಳಗಳನ್ನು ಬಿಡುವುದನ್ನು ನಿಲ್ಲಿಸಿತು. ಗುಂಡಿಗೂ ಹೆದ್ದಾರಿಯ ವಾಹನಗಳಿಗೂ ಸಿಕ್ಕಿ, ೨೦೨೦ರ ವೇಳೆಗೆ ಕಾಡಿನಲ್ಲಿರುವುದು ಖಚಿತವಾಗಿದ್ದ ತೋಳಗಳ ಸಂಖ್ಯೆ ಹತ್ತಕ್ಕಿಂತಲೂ ಕೆಳಗಿಳಿಯಿತು. ೨೦೨೧ರಲ್ಲಿ ನ್ಯಾಯಾಲಯದ ಆಜ್ಞೆಯ ತರುವಾಯ ಬಿಡುಗಡೆ ಮತ್ತೆ ಆರಂಭವಾಯಿತು. ೨೦೨೨ರ ವಸಂತದಲ್ಲಿ ಆರು ಮರಿಗಳು ಹುಟ್ಟಿದವು. ಕಾಡಿನಲ್ಲಿ ಮರಿ ಹುಟ್ಟಿದುದು ೨೦೧೮ರಿಂದೀಚೆಗೆ ಅದೇ ಮೊದಲು. ತಮ್ಮ ನೆಲದಲ್ಲಿ ತೋಳಕ್ಕೆ ಆಶ್ರಯ ಕೊಡಲೊಪ್ಪುವ ಜಮೀನುದಾರರಿಗೆ ನೆಲದ ಸುಧಾರಣೆಗಾಗಿ ನೆರವು ನೀಡುವ ಯೋಜನೆಯನ್ನೂ ಸರಕಾರ ಹಮ್ಮಿಕೊಂಡಿತು. ಶಾಸನದ ಕೋಲಿಗಿಂತ ಇದು ಮೇಲಾದ ಹಾದಿಯೆಂದು ನಮಗೆ ತೋರುತ್ತದೆ. ಖಾಸಗಿ ನೆಲದ ಮೇಲೆ ಬದುಕಬೇಕಾದ ಪ್ರಾಣಿಯು ನೆಲದ ಒಡೆಯನ ಒಪ್ಪಿಗೆಯಿಲ್ಲದೆ ಬಹುಕಾಲ ಬದುಕಲಾರದು.

ನಮ್ಮ ನೆಲದ ಮಾತು

ದೂರದೇಶದ ಈ ಕಥೆಯಿಂದ ನಮಗೇನೆಂದು ಕೇಳಬಹುದು. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ನಿಷೇಧಿಸಿದೆ. ಸ್ವಂತ ಹೊಲವೆಂಬ ಕಾರಣಕ್ಕೆ ಅದು ವಿನಾಯಿತಿ ಕೊಡುವುದಿಲ್ಲ. ಆದರೆ ಬಂದೂಕವಿಲ್ಲದ ರಾತ್ರಿಬೇಟೆಯೊಂದು ನಮ್ಮಲ್ಲಿಯೂ ಉಂಟು. ಕಾಡುಹಂದಿಯ ಹಾವಳಿ ತಾಳಲಾರದೆ ಕೆಲವರು ಹೊಲದ ಸುತ್ತ ತಂತಿಯೆಳೆದು, ಕಂಬದಿಂದ ಕದ್ದು ನೇರವಾಗಿ ವಿದ್ಯುತ್ತನ್ನು ಹರಿಸುತ್ತಾರೆ. ಇಲ್ಲವೆ ಬೇಲಿಯ ಕಂಡಿಯಲ್ಲಿ ಉರುಳು ಒಡ್ಡುತ್ತಾರೆ. ಹಂದಿಗೆಂದು ಎಳೆದ ತಂತಿಗೆ ಆನೆಗಳು ಬಲಿಯಾಗಿವೆ. ಹಂದಿಗೆಂದು ಒಡ್ಡಿದ ಉರುಳಿನಲ್ಲಿ ಚಿರತೆಗಳು ಸಿಕ್ಕಿ ಸತ್ತಿವೆ. ಮಲೆನಾಡಿನ ಊರುಗಳಲ್ಲಿ ನೀರು ಕಟ್ಟಲು ಹೋದ ಮನುಷ್ಯರೇ ತಂತಿ ತುಳಿದು ಪ್ರಾಣ ಕಳೆದುಕೊಂಡುದುಂಟು. ಬಂದೂಕದವನು ಕತ್ತಲಲ್ಲಿ ಕಣ್ಣಾದರೂ ತೆರೆದು ಕುಳಿತಿರುತ್ತಾನೆ. ತಂತಿಯೆಳೆದವನು ಮನೆಯಲ್ಲಿ ಮಲಗಿರುತ್ತಾನೆ.

ಇದಕ್ಕೆ ಬೇರೆ ದಾರಿಯಿಲ್ಲವೆನ್ನುವಂತಿಲ್ಲ. ಉತ್ತರ ಕರ್ನಾಟಕದ ಕುರುಬರು ತೋಳ ಓಡಾಡುವ ಬಯಲಿನಲ್ಲಿಯೇ ತಲೆಮಾರುಗಳಿಂದ ಕುರಿ ಕಾದಿದ್ದಾರೆ. ಸಂಜೆಗೆ ಮರಿಗಳನ್ನು ಹಟ್ಟಿಯೊಳಗೆ ಕೂಡುತ್ತಾರೆ; ಸುತ್ತ ನಾಯಿಗಳನ್ನು ಬಿಡುತ್ತಾರೆ; ಸರದಿಯಂತೆ ಎಚ್ಚರವಿರುತ್ತಾರೆ. ಅಮೆರಿಕೆಯ ಕುರಿಸಾಕಣೆಯವರೂ ಈಗ ದೊಡ್ಡ ಕಾವಲುನಾಯಿಗಳನ್ನು ಮಂದೆಯೊಡನೆ ಬೆಳೆಸಿ, ರಾತ್ರಿಯಲ್ಲಿ ಮಂದೆಯನ್ನು ಬೇಲಿಯೊಳಗೆ ಕೂಡಿ ಕಯೋಟಿಯನ್ನು ದೂರವಿಡುತ್ತಿದ್ದಾರೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ವನ್ಯಜೀವಿಧಾಮವಾಗಿದೆ. ಆದರೆ ತೋಳಕ್ಕೆ ಧಾಮದ ಎಲ್ಲೆ ತಿಳಿಯದು. ಅದರ ಬದುಕು ಬಹುಮಟ್ಟಿಗೆ ರೈತರ ಹೊಲಗಳಲ್ಲಿಯೂ ಕುರಿಗಾರರ ಗೋಮಾಳಗಳಲ್ಲಿಯೂ ನಡೆಯತಕ್ಕದ್ದು.

ನಮ್ಮ ವಾಚಕರಲ್ಲಿ ಅನೇಕರು ಪರಸ್ಥಳದಲ್ಲಿ ದುಡಿದು, ಉಳಿಸಿದ ಹಣದಿಂದ ಊರಿನಲ್ಲಿ ಒಂದೆರಡು ಎಕರೆ ನೆಲ ಮಾಡಿಕೊಂಡವರು. ತಮ್ಮನೋ ಭಾವನೋ ಅದನ್ನು ನೋಡಿಕೊಳ್ಳುತ್ತಿರುತ್ತಾರೆ. ಈ ಸಲ ರಜೆಗೆ ಊರಿಗೆ ಹೋದಾಗ, ರಾತ್ರಿಯಲ್ಲಿ ಬೇಲಿಗೆ ಏನು ಕಟ್ಟುತ್ತಾರೆಂದು ಒಂದು ಮಾತು ವಿಚಾರಿಸಿ ಬನ್ನಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಲು ಅವಕಾಶವಿದೆ. ಮಂಜೂರಾಗುವುದು ತಡವಾದೀತು, ಓಡಾಟವೂ ಆದೀತು, ಆದರೂ ಅದು ಕೇಳಬೇಕಾದ ಹಕ್ಕು. ನೆಲ ನಿಮ್ಮದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ನೆಲವನ್ನು ಕತ್ತಲಲ್ಲಿ ದಾಟುವುದು ಹಂದಿಯೋ, ತೋಳವೋ, ಪಕ್ಕದ ಮನೆಯ ಹುಡುಗನೋ ಎಂಬುದನ್ನು ತಿಳಿಯುವವರೆಗೆ ಕೈ ತಡೆಯುವ ಹೊಣೆಯೂ ನಿಮ್ಮದೇ.